ಎಷ್ಟನೆಯವರಾಗಿ ಬಂದಿರಿ?

 ಸಿಡ್ನಿಯಲ್ಲಿ, ಮೆಲ್ಬರ್ನಿನಲ್ಲಿ, ಇನ್ನೂ ಬೇರೆ ಬೇರೆ ಊರುಗಳಲ್ಲಿ ಕೂತು ಕನ್ನಡ ಕೇಳುತ್ತಿರುವ, ಓದುತ್ತಿರುವ ನಿಮಗೆಲ್ಲ ಸ್ವಾಗತ. ಇವತ್ತಿನ ಮಾತು ಓಟದ ಬಗ್ಗೆ. ಹೇಗೆ ಓಡಬೇಕು, ಯಾವ ಶೂ ಕೊಳ್ಳಬೇಕು ಅನ್ನುವುದನ್ನು ನಾನು ಹೇಳುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಓಟ ಮುಗಿದ ಮೇಲೆ ಫಲಿತಾಂಶದ ಪಟ್ಟಿ ಬರುತ್ತದಲ್ಲ, ಅದನ್ನು ಓದುವುದು ಹೇಗೆ ಅಂತ ಮಾತಾಡೋಣ.

ಅದರಲ್ಲಿ ಓದುವುದಕ್ಕೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ಫೋನ್ ತೆರೆದರೆ ಟೈಮ್ ಇರುತ್ತದೆ, ಎಷ್ಟನೆಯ ಸ್ಥಾನ ಅಂತ ಇರುತ್ತದೆ, ಮುಗಿಯಿತು. ಆದರೆ ನಮ್ಮ ಮನೆಗಳಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಆಗಸ್ಟ್ ತಿಂಗಳ ಒಂದು ಭಾನುವಾರ ನೀವು ಸಿಟಿ ಟು ಸರ್ಫ್ ಮುಗಿಸಿ, ಕಾಲು ಎಳೆದುಕೊಂಡು ಮನೆಗೆ ಬಂದಿದ್ದೀರಿ ಅಂದುಕೊಳ್ಳಿ. ಅಮ್ಮ ಬಿಸಿಬೇಳೆ ಭಾತ್ ಬಡಿಸುತ್ತಾ ಕೇಳುತ್ತಾರೆ, "ಎಷ್ಟನೆಯವನಾಗಿ ಬಂದೆ?" ಊರಿನಿಂದ ವಿಡಿಯೋ ಕಾಲಿನಲ್ಲಿ ಅಜ್ಜಿ ಕೇಳುತ್ತಾರೆ, "ಪ್ರೈಜ್ ಬಂತೇನೋ ಪುಟ್ಟಾ?" ನೀವು ಬಂದಿರುವುದು 31,204ನೆಯವರಾಗಿ. ಅದನ್ನು ಕನ್ನಡದಲ್ಲಿ ಹೇಳುವುದಕ್ಕೇ ಒಂದು ನಿಮಿಷ ಬೇಕು. "ಪರವಾಗಿಲ್ಲ, ಆಯ್ತು" ಅಂತ ಹೇಳಿ ರೂಮಿಗೆ ಹೋಗಿಬಿಡುತ್ತೀರಿ. ಮುಂದಿನ ವರ್ಷ ಹೆಸರು ಕೊಡುವುದಕ್ಕೆ ಮನಸ್ಸೂ ಬರುವುದಿಲ್ಲ.

ಅಮ್ಮ ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಅಪ್ಪ ಅಮ್ಮ ಬೆಳೆದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಮಾರನೆಯ ದಿನ ಪತ್ರಿಕೆಯಲ್ಲಿ ರ‍್ಯಾಂಕ್ ಬಂದವರ ಫೋಟೊ ಇರುತ್ತಿತ್ತು. ಮಗಳ ಬಾಯಿಗೆ ಸಿಹಿ ಇಡುತ್ತಿರುವ ತಂದೆ ತಾಯಿ ಪಕ್ಕದಲ್ಲಿ ನಗುತ್ತಿರುತ್ತಿದ್ದರು. ಆಮೇಲೆ ಸಿಇಟಿ. ಅದರಲ್ಲಿ ಎಷ್ಟನೆಯ ರ‍್ಯಾಂಕ್ ಅನ್ನುವುದರ ಮೇಲೆ ಯಾವ ಕಾಲೇಜು, ಯಾವ ಕೋರ್ಸ್ ಅನ್ನುವುದು ತೀರ್ಮಾನವಾಗುತ್ತಿತ್ತು. ಸೀಟು ಕೆಲವೇ, ಪರೀಕ್ಷೆ ಬರೆದವರು ಅಪಾರ. ಅಲ್ಲಿ ರ‍್ಯಾಂಕ್ ಅನ್ನುವುದು ಬರೀ ಹೆಮ್ಮೆಯ ಮಾತಲ್ಲ, ಅನ್ನದ ಮಾತು. ಹಾಗೆ ಬೆಳೆದವರು ಯಾವ ಪಟ್ಟಿ ಕಂಡರೂ ಮೊದಲು ಹುಡುಕುವುದು ಆ ಒಂದು ಸಂಖ್ಯೆಯನ್ನೇ. ನಿಮಗೂ ಆ ಅಭ್ಯಾಸ ಸ್ವಲ್ಪ ಅಂಟಿಕೊಂಡಿದೆ, ಅಲ್ಲವೇ?

ಹಾಗಾದರೆ ಪಟ್ಟಿಯನ್ನೇ ನೋಡೋಣ. ಸಿಟಿ ಟು ಸರ್ಫ್ ಶುರುವಾದದ್ದು 1971ರಲ್ಲಿ. ಸಿಡ್ನಿ ನಗರದ ನಡುವಿನಿಂದ ಬಾಂಡೈ ಕಡಲತೀರದವರೆಗೆ 14 ಕಿಲೋಮೀಟರ್. ಮೊದಲ ವರ್ಷ ಓಡಿದವರು ಎರಡು ಸಾವಿರದ ಆಸುಪಾಸು. ಆಮೇಲೆ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟ ವರ್ಷಗಳೂ ಬಂದವು. ಅಷ್ಟು ಜನರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ಬಣ್ಣದ ಹೆಸರಿನ ಗುಂಪುಗಳನ್ನು ಮಾಡಿ, ಒಂದರ ಹಿಂದೆ ಒಂದನ್ನು ಬಿಡುತ್ತಾರೆ. ಮುಂದಿನ ಗುಂಪುಗಳಲ್ಲಿ ನಿಲ್ಲಬೇಕಾದರೆ ಹಿಂದೆ ಓಡಿದ ಟೈಮ್ ತೋರಿಸಬೇಕು. ನಡೆಯುವವರು, ಮಗುವಿನ ಗಾಡಿ ತಳ್ಳುವವರು ಕೊನೆಯಲ್ಲಿ.

ಈಗ ನಾನು ಒಂದು ಫಲಿತಾಂಶವನ್ನು ಊಹಿಸಿಕೊಂಡು ಹೇಳುತ್ತೇನೆ. ನಿಮ್ಮ ಹೆಸರಿನ ಮುಂದೆ ಹೀಗಿದೆ: ಗನ್ ಟೈಮ್ 1 ಗಂಟೆ 44 ನಿಮಿಷ 10 ಸೆಕೆಂಡ್. ನೆಟ್ ಟೈಮ್ 1 ಗಂಟೆ 31 ನಿಮಿಷ 40 ಸೆಕೆಂಡ್. ಒಟ್ಟು ಸ್ಥಾನ 31,204. ಅದರ ಪಕ್ಕದಲ್ಲಿ ಗಂಡಸರಲ್ಲಿ ಅಥವಾ ಹೆಂಗಸರಲ್ಲಿ ಎಷ್ಟನೆಯವರು, ನಿಮ್ಮ ವಯಸ್ಸಿನ ಗುಂಪಿನಲ್ಲಿ ಎಷ್ಟನೆಯವರು ಅಂತ ಇನ್ನೆರಡು ಸಂಖ್ಯೆ. ಒಂದೇ ಓಟ, ಐದು ಸಂಖ್ಯೆ. ಐದೂ ನಿಜ. ಆದರೆ ಐದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಮೊದಲು ಟೈಮ್. ಗನ್ ಟೈಮ್ ಅಂದರೆ ಓಟ ಬಿಟ್ಟ ಸದ್ದಾದ ಕ್ಷಣದಿಂದ ನೀವು ಕೊನೆಯ ಗೆರೆ ದಾಟುವವರೆಗಿನ ಹೊತ್ತು. ನೆಟ್ ಟೈಮ್ ಅಂದರೆ ನೀವು ಮೊದಲ ಗೆರೆ ದಾಟಿದ ಕ್ಷಣದಿಂದ ಕೊನೆಯ ಗೆರೆ ದಾಟುವವರೆಗಿನ ಹೊತ್ತು. ಎದೆಗೆ ಪಿನ್ ಹಾಕಿಕೊಳ್ಳುವ ನಂಬರ್ ಚೀಟಿಯ ಹಿಂದೆ ಅಥವಾ ಶೂ ಮೇಲೆ ಒಂದು ಸಣ್ಣ ಚಿಪ್ ಇರುತ್ತದೆ. ದಾರಿಯಲ್ಲಿ ಹಾಸಿರುವ ಮ್ಯಾಟನ್ನು ನೀವು ತುಳಿದಾಗ ಯಂತ್ರ ಆ ಚಿಪ್ ಓದಿ ಹೊತ್ತು ಬರೆದುಕೊಳ್ಳುತ್ತದೆ. ನಾನು ಹೇಳಿದ ಉದಾಹರಣೆಯಲ್ಲಿ ಎರಡಕ್ಕೂ ಹನ್ನೆರಡೂವರೆ ನಿಮಿಷದ ವ್ಯತ್ಯಾಸ ಇದೆ. ಆ ಹನ್ನೆರಡೂವರೆ ನಿಮಿಷ ನೀವು ಓಡುತ್ತಿರಲಿಲ್ಲ. ಮುಂದಿನವರು ಸರಿಯಲಿ ಅಂತ ಕಾಯುತ್ತಾ ನಿಂತಿದ್ದಿರಿ.

ಈ ಚಿಪ್ ದೊಡ್ಡ ಓಟಗಳಿಗೆ ಬಂದದ್ದು 1990ರ ದಶಕದ ನಡುವೆ. ಅದಕ್ಕೆ ಮೊದಲು ಸಾವಿರಾರು ಜನರ ಓಟದಲ್ಲಿ ಹಿಂದೆ ನಿಂತವರಿಗೆ ತಮ್ಮ ನಿಜವಾದ ಟೈಮ್ ತಿಳಿಯಬೇಕಾದರೆ ತಮ್ಮ ಕೈಗಡಿಯಾರವನ್ನೇ ನಂಬಬೇಕಿತ್ತು. ಈಗಲೂ ಗೆದ್ದವರನ್ನು ತೀರ್ಮಾನಿಸುವುದು ಗನ್ ಟೈಮಿನಿಂದಲೇ. ಯಾರು ಮೊದಲು ಗೆರೆ ಮುಟ್ಟಿದರೋ ಅವರೇ ಗೆದ್ದವರು, ಅದು ನ್ಯಾಯ. ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಹೊರಟಿರುತ್ತಾರಲ್ಲ. ನಮ್ಮಂಥವರಿಗೆ ಬೇಕಾದದ್ದು ನೆಟ್ ಟೈಮ್. ನಾನು ಓಡಿದ್ದು ಎಷ್ಟು ಹೊತ್ತು ಅನ್ನುವುದಕ್ಕೆ ಉತ್ತರ ಅದು. 14 ಕಿಲೋಮೀಟರಿಗೆ 1:31:40 ಅಂದರೆ ಕಿಲೋಮೀಟರಿಗೆ 6 ನಿಮಿಷ 33 ಸೆಕೆಂಡ್. ಈ ಲೆಕ್ಕವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋಲಿಸಿ ನೋಡಬೇಕೆಂಬ ಆಸೆಯೂ ಇರುತ್ತದೆ. ಈ ದಾರಿಯ ದಾಖಲೆ ಸ್ಟೀವ್ ಮೊನೆಗೆಟ್ಟಿ ಅವರದು. 1991ರಲ್ಲಿ ಅವರು 40 ನಿಮಿಷ 3 ಸೆಕೆಂಡಿನಲ್ಲಿ ಬಾಂಡೈ ಮುಟ್ಟಿದರು. ಅಂದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ 2 ನಿಮಿಷ 52 ಸೆಕೆಂಡ್. ನೀವು ರೋಸ್ ಬೇ ದಾಟಿ ಏದುಸಿರು ಬಿಡುತ್ತಿರುವ ಹೊತ್ತಿಗೆ ಅವರು ಕಡಲಲ್ಲಿ ಕಾಲು ನೆನೆಸುತ್ತಿರುತ್ತಿದ್ದರು.

ರೋಸ್ ಬೇ ಅಂದ ಕೂಡಲೇ ಅಲ್ಲಿ ಓಡಿದವರಿಗೆ ನೆನಪಾಗುವುದು ಹಾರ್ಟ್‌ಬ್ರೇಕ್ ಹಿಲ್. ಅರ್ಧ ದಾರಿ ಆಯಿತಲ್ಲ ಅಂದುಕೊಳ್ಳುವ ಹೊತ್ತಿಗೆ ಸರಿಯಾಗಿ ಸುಮಾರು ಎರಡು ಕಿಲೋಮೀಟರ್ ಏರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಮ್ಮಲ್ಲಿ ಗಾದೆ ಇದೆ. ನೆಪ ಹೇಳುವವರನ್ನು ಛೇಡಿಸುವುದಕ್ಕೆ. ಆದರೆ ರಸ್ತೆ ಓಟದಲ್ಲಿ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ಮೆಲ್ಬರ್ನಿನ ನಿಮ್ಮ ಕಸಿನ್ ಆಲ್ಬರ್ಟ್ ಪಾರ್ಕ್ ಕೆರೆಯ ಸುತ್ತ ಸಮತಟ್ಟು ದಾರಿಯಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ ಓಡಿದಳು ಅಂದುಕೊಳ್ಳಿ. ನಿಮ್ಮದು ಆರೂವರೆ. ಅವಳು ನಿಮಗಿಂತ ವೇಗ ಅಂತ ಇದರಿಂದ ಹೇಳಲು ಬರುವುದಿಲ್ಲ. ರಜೆಗೆ ಬೆಂಗಳೂರಿಗೆ ಹೋದಾಗ ಅಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಡಿದಿರಿ ಅಂದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಓಟ ನಡೆಯುವುದು ಬೇಸಿಗೆಯಲ್ಲಿ. ಸಿಡ್ನಿಯ ಆಗಸ್ಟ್ ಚಳಿಯಲ್ಲಿ ಓಡಿದ ಕಾಲುಗಳು ಅಲ್ಲಿ ಬೇರೆಯದೇ ಟೈಮ್ ತೋರಿಸುತ್ತವೆ. ಟೈಮ್ ಅನ್ನುವುದು ನಿಮ್ಮ ಮತ್ತು ಆ ದಾರಿಯ ನಡುವಿನ ಲೆಕ್ಕ. ದಾರಿ ಬದಲಾದರೆ ಲೆಕ್ಕ ಬದಲಾಗುತ್ತದೆ.

ಇದಕ್ಕೆ ನಮ್ಮ ನಾಡಿನದೇ ಒಂದು ಹಳೆಯ ಉದಾಹರಣೆ ಇದೆ. ನೂರು ವರ್ಷಕ್ಕೂ ಹಿಂದಿನದು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಗೆ ಭಾರತದಿಂದ ಹೋದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ತಂಡ ಕಳಿಸಲು ಮುಂದೆ ನಿಂತವರು ದೊರಾಬ್ಜಿ ಟಾಟಾ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಚೌಗುಲೆ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು, 19ನೆಯವರಾಗಿ ಬಂದರು. ಗೆದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್.

ಈಗ ಆ 2:50:45 ನೋಡಿ. ಇವತ್ತಿನ ಮ್ಯಾರಥಾನ್ 42.195 ಕಿಲೋಮೀಟರ್. ಆಂಟ್‌ವರ್ಪ್‌ನಲ್ಲಿ ಅವತ್ತು ಓಡಿಸಿದ್ದು 42.75 ಕಿಲೋಮೀಟರ್, ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಈಗಿನ ಅಳತೆ ಎಲ್ಲ ಕಡೆಗೂ ಒಂದೇ ಅಂತ ಗೊತ್ತಾದದ್ದು ಮರುವರ್ಷ, 1921ರಲ್ಲಿ. ಚೌಗುಲೆಯವರ ವೇಗ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ. ಅದೇ ವೇಗದಲ್ಲಿ ಇವತ್ತಿನ ದೂರ ಓಡಿದ್ದರೆ 2 ಗಂಟೆ 48 ನಿಮಿಷದ ಮೇಲೆ ಅರ್ಧ ನಿಮಿಷ. ಮೆಲ್ಬರ್ನ್ ಮ್ಯಾರಥಾನಿನಲ್ಲಿ ಮೂರು ಗಂಟೆಯೊಳಗೆ ಮುಗಿಸಬೇಕೆಂದು ವರ್ಷಗಟ್ಟಲೆ ಬೆವರು ಸುರಿಸುವವರನ್ನು ಕೇಳಿ ನೋಡಿ, ಕಿಲೋಮೀಟರಿಗೆ 4 ನಿಮಿಷ ಅಂದರೆ ಏನು ಅಂತ. ಇವತ್ತಿನ ಶೂ ಇಲ್ಲ, ಜೆಲ್ ಇಲ್ಲ, ಕೋಚ್ ಹೇಳಿಕೊಡುವ ಆಪ್ ಇಲ್ಲ. ಹಡಗಿನಲ್ಲಿ ಪ್ರಯಾಣ ಮಾಡಿ, ಕಾಣದ ದೇಶದ ಚಳಿಯಲ್ಲಿ ಓಡಿದ್ದು. "19ನೆಯ ಸ್ಥಾನ" ಅಂತ ಒಂದೇ ಮಾತಿನಲ್ಲಿ ಹೇಳಿದರೆ ಇದೆಲ್ಲ ಮರೆಯಾಗಿಬಿಡುತ್ತದೆ. ಅದಕ್ಕೇ ಇರಬೇಕು, ನಮ್ಮಲ್ಲಿ ಎಷ್ಟೋ ಜನ ಅವರ ಹೆಸರನ್ನೇ ಕೇಳಿಲ್ಲ.

ಟೈಮ್ ಆಯಿತು. ಈಗ ಸ್ಥಾನಕ್ಕೆ ಬರೋಣ. ಸ್ಥಾನ ನಿಮ್ಮ ಕೈಯಲ್ಲಿ ಅರ್ಧವೇ ಇರುವುದು. ಇನ್ನರ್ಧ ಅವತ್ತು ಯಾರು ಯಾರು ಬಂದರು ಅನ್ನುವುದರ ಕೈಯಲ್ಲಿ.

2025ರ ಆಗಸ್ಟ್ 31ರಂದು ಸಿಡ್ನಿ ಮ್ಯಾರಥಾನ್ ನಡೆಯಿತು. ನ್ಯೂಯಾರ್ಕ್, ಲಂಡನ್, ಬರ್ಲಿನ್ ಸಾಲಿನ ಜಗತ್ತಿನ ಪ್ರಮುಖ ಮ್ಯಾರಥಾನ್‌ಗಳ ಕೂಟಕ್ಕೆ ಏಳನೆಯದಾಗಿ ಸಿಡ್ನಿ ಸೇರಿದ ವರ್ಷ ಅದು. ನಾರ್ತ್ ಸಿಡ್ನಿಯಿಂದ ಹೊರಟು, ಹಾರ್ಬರ್ ಬ್ರಿಡ್ಜ್ ದಾಟಿ, ಆಪರಾ ಹೌಸ್ ಮುಂದೆ ಮುಗಿಯುವ ದಾರಿ. ನಿಮ್ಮಲ್ಲಿ ಕೆಲವರು ರಸ್ತೆ ಬದಿಯಲ್ಲಿ ನಿಂತು ಕೂಗಿರಬಹುದು, ಕೆಲವರು ಓಡಿಯೂ ಇರಬಹುದು. ಗೆದ್ದದ್ದು ಇಥಿಯೋಪಿಯಾದ ಹೈಲೆಮರ್ಯಮ್ ಕಿರೋಸ್, 2:06:06. ಹೆಂಗಸರಲ್ಲಿ ನೆದರ್ಲೆಂಡ್ಸಿನ ಸಿಫಾನ್ ಹಸನ್, 2:18:22. ಆ ಓಟದಲ್ಲಿ ಕೆನ್ಯಾದ ಎಲಿಯುಡ್ ಕಿಪ್ಚೋಗೆಯೂ ಇದ್ದರು. ಎರಡು ಸಲ ಒಲಿಂಪಿಕ್ ಮ್ಯಾರಥಾನ್ ಚಿನ್ನ, 2022ರಲ್ಲಿ ಬರ್ಲಿನ್‌ನಲ್ಲಿ 2:01:09. ಅವರಿಗಿಂತ ದೊಡ್ಡ ಮ್ಯಾರಥಾನ್ ಓಟಗಾರ ಹುಟ್ಟಿಲ್ಲ ಅನ್ನುವವರು ಬಹಳ. ಸಿಡ್ನಿಯಲ್ಲಿ ಅವರು ಬಂದದ್ದು ಒಂಬತ್ತನೆಯವರಾಗಿ, 2:08:31.

ಒಂಬತ್ತನೆಯ ಸ್ಥಾನ ಅಂದರೆ ಏನು? ಗೆದ್ದವರಿಗಿಂತ 2 ನಿಮಿಷ 25 ಸೆಕೆಂಡ್ ಹಿಂದೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಏರಿಳಿತದ ದಾರಿಯಲ್ಲಿ. ಅವತ್ತು ಆ ಎಂಟು ಜನ ಬೇರೆ ಊರಿನಲ್ಲಿ ಓಡಲು ಹೋಗಿದ್ದಿದ್ದರೆ ಅದೇ ಕಾಲು, ಅದೇ ಟೈಮ್, ಮೊದಲ ಸ್ಥಾನ. ಕಿಪ್ಚೋಗೆ ಮಾಡಿದ ಕೆಲಸದಲ್ಲಿ ಒಂದು ಸೆಕೆಂಡೂ ಬದಲಾಗುತ್ತಿರಲಿಲ್ಲ, ಆದರೆ ಪತ್ರಿಕೆಯ ತಲೆಬರಹ ಪೂರ್ತಿ ಬದಲಾಗುತ್ತಿತ್ತು.

ನಿಮ್ಮ 31,204ಕ್ಕೂ ಇದೇ ಮಾತು. ಆ ಓಟದಲ್ಲಿ 60,000 ಜನ ಮುಗಿಸಿದರು ಅಂದುಕೊಳ್ಳೋಣ. ಹಾಗಾದರೆ ನೀವು ನಡುವಿನಲ್ಲಿದ್ದೀರಿ, ನಿಮ್ಮ ಹಿಂದೆ 28,796 ಜನ ಇದ್ದಾರೆ. ನಿಮ್ಮ ಸಬರ್ಬಿನ ಯಾವುದೋ ಸಣ್ಣ ಓಟದಲ್ಲಿ 400 ಜನರಲ್ಲಿ 300ನೆಯವರಾಗಿ ಬಂದಿದ್ದರೆ ಮನೆಯಲ್ಲಿ ಹೇಳುವುದಕ್ಕೆ ಸುಲಭವಿತ್ತು. ಮುನ್ನೂರು ಅನ್ನುವುದು ಕಿವಿಗೆ ಚಿಕ್ಕದು. ಆದರೆ ಲೆಕ್ಕ ನೋಡಿ, ಅಲ್ಲಿ ನಿಮ್ಮ ಹಿಂದೆ ಇದ್ದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. "ಎಷ್ಟನೆಯವರು" ಅನ್ನುವುದರ ಜೊತೆಗೆ "ಎಷ್ಟು ಜನರಲ್ಲಿ" ಅನ್ನುವುದನ್ನು ಕೇಳದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ವಯಸ್ಸಿನ ಗುಂಪು ಅಂತ ಬೇರೆ ಸ್ಥಾನ ಕೊಡುವುದು ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಸಮಾಧಾನದ ಬಹುಮಾನ ಅಂತ ನಗುವವರೂ ಇದ್ದಾರೆ. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, 73ನೆಯ ವಯಸ್ಸಿನಲ್ಲಿ, ಟೊರಾಂಟೊದಲ್ಲಿ 2:54:48ಕ್ಕೆ ಮ್ಯಾರಥಾನ್ ಮುಗಿಸಿದರು. ಇಪ್ಪತ್ತೈದರ ಯುವಕ ಅದೇ ಟೈಮಿಗೆ ಮುಗಿಸಿದರೆ ಚೆನ್ನಾಗಿ ಓಡಿದ ಅನ್ನಬಹುದು. ಎಪ್ಪತ್ತಮೂರರ ಅಜ್ಜ ಮುಗಿಸಿದರೆ ಜಗತ್ತೇ ತಿರುಗಿ ನೋಡುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಮಾತ್ರ ಇಟ್ಟರೆ ಎರಡನೆಯದು ಕಾಣುವುದೇ ಇಲ್ಲ.

ಇನ್ನು ವೇಗದ ಮಾತು. ಸಿಡ್ನಿ, ಮೆಲ್ಬರ್ನ್ ಎರಡೂ ಊರಿನವರು ತಿಳಿದಿರಬೇಕಾದ ಒಂದು ಕತೆ ಇದೆ. ಆಸ್ಟ್ರೇಲಿಯಾದವರಿಗೆಲ್ಲ ಗೊತ್ತು, ನಮ್ಮ ಮನೆಗಳಲ್ಲಿ ಅಷ್ಟಾಗಿ ಗೊತ್ತಿಲ್ಲ. 1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಒಂದು ಓಟ ನಡೆಯಿತು, 875 ಕಿಲೋಮೀಟರ್. ಪ್ಯಾರಮ್ಯಾಟದ ಶಾಪಿಂಗ್ ಸೆಂಟರಿನಿಂದ ಡಾನ್‌ಕ್ಯಾಸ್ಟರಿನ ಶಾಪಿಂಗ್ ಸೆಂಟರಿಗೆ. ಹೊರಟವರಲ್ಲಿ ಕ್ಲಿಫ್ ಯಂಗ್ ಅನ್ನುವ 61 ವರ್ಷದ ರೈತ ಒಬ್ಬರಿದ್ದರು. ವಿಕ್ಟೋರಿಯಾದ ಬೀಚ್ ಫಾರೆಸ್ಟ್ ಅನ್ನುವ ಹಳ್ಳಿಯವರು, ಆಲೂಗಡ್ಡೆ ಬೆಳೆಯುವವರು. ಕಾಲು ಎತ್ತಿ ಹಾಕದೆ, ನೆಲ ಸವರಿದಂತೆ ಓಡುತ್ತಿದ್ದರು. ಮೊದಲ ದಿನ ಎಲ್ಲರಿಗಿಂತ ಹಿಂದೆ ಬಿದ್ದರು. ಆದರೆ ಉಳಿದವರು ಮಲಗಿದ್ದ ಹೊತ್ತಿನಲ್ಲಿ ಎದ್ದು ಓಡುತ್ತಾ ಮುಂದೆ ಹೋಗಿಬಿಟ್ಟರು. 5 ದಿನ 15 ಗಂಟೆ 4 ನಿಮಿಷಕ್ಕೆ ಮೆಲ್ಬರ್ನ್ ಮುಟ್ಟಿ ಗೆದ್ದರು. ಅದಕ್ಕೆ ಮೊದಲಿನ ದಾಖಲೆಗಿಂತ ಸುಮಾರು ಎರಡು ದಿನ ಕಡಿಮೆ.

ಈಗ ನೀವು ಬರೆದಿಟ್ಟುಕೊಂಡ ಲೆಕ್ಕ ತೆಗೆಯಿರಿ. ಕ್ಲಿಫ್ ಯಂಗ್ ಅವರ ಸರಾಸರಿ ವೇಗ, ನಿದ್ದೆ ವಿಶ್ರಾಂತಿ ಎಲ್ಲ ಸೇರಿ, ಗಂಟೆಗೆ ಸುಮಾರು ಆರೂವರೆ ಕಿಲೋಮೀಟರ್. ಆ ಸರಾಸರಿಯಲ್ಲಿ ಸಿಟಿ ಟು ಸರ್ಫ್ ಓಡಿದರೆ 14 ಕಿಲೋಮೀಟರಿಗೆ ಸುಮಾರು 2 ಗಂಟೆ 10 ನಿಮಿಷ ಬೇಕು. ಬಿರುಸಾಗಿ ನಡೆಯುವವರ ಟೈಮ್ ಅದು. ನಮ್ಮ ಉದಾಹರಣೆಯಲ್ಲಿ ನೀವೇ ಅವರಿಗಿಂತ ಅರ್ಧ ಗಂಟೆಗೂ ಹೆಚ್ಚು ಮುಂದೆ! ಆದರೆ 875 ಕಿಲೋಮೀಟರಿನಲ್ಲಿ ಅದು ಹಿಂದಿನ ದಾಖಲೆ ಮುರಿದ ವೇಗ. ನಿಧಾನವೇ ಪ್ರಧಾನ ಅಂತ ಹೇಳಿ ಈ ಕತೆಯನ್ನು ಮುಗಿಸುವುದು ಸುಲಭ, ಆದರೆ ಅವರು ನಿಧಾನವಾಗಿರಲಿಲ್ಲ. ಆ ದೂರಕ್ಕೆ ಅವರೇ ಎಲ್ಲರಿಗಿಂತ ವೇಗ. ಎಷ್ಟು ದೂರ ಅಂತ ಹೇಳದೆ ವೇಗ ಅನ್ನುವ ಮಾತೇ ಆಡಲು ಬರುವುದಿಲ್ಲ.

ಆ ಓಟದ ಬಹುಮಾನ 10,000 ಡಾಲರ್. ಬಹುಮಾನ ಇದೆ ಅಂತ ತಮಗೆ ಗೊತ್ತೇ ಇರಲಿಲ್ಲ ಅಂದ ಕ್ಲಿಫ್ ಯಂಗ್ ಅದನ್ನು ಓಟ ಮುಗಿಸಿದ ಉಳಿದ ಐವರಿಗೆ ಹಂಚಿದರು, ತಮಗೆ ಏನೂ ಇಟ್ಟುಕೊಳ್ಳಲಿಲ್ಲ. ಅವರೂ ನನ್ನಷ್ಟೇ ಕಷ್ಟಪಟ್ಟಿದ್ದಾರಲ್ಲ ಅನ್ನುವುದು ಅವರ ಲೆಕ್ಕ. ಗ್ರೇಟ್ ಓಷನ್ ರೋಡ್ ಕಡೆ ಹೋದಾಗ ಬೀಚ್ ಫಾರೆಸ್ಟ್‌ಗೆ ಒಂದು ಸುತ್ತು ಹಾಕಿ. ಅವರ ನೆನಪಿಗೆ ಗಂಬೂಟಿನ ಆಕಾರದ ಸ್ಮಾರಕ ಮಾಡಿದ್ದಾರೆ. ಹೊಲದಲ್ಲಿ ಕುರಿ ಅಟ್ಟಿಸಿಕೊಂಡು ಅವರು ಓಡುತ್ತಿದ್ದದ್ದು ಗಂಬೂಟಿನಲ್ಲೇ.

ಹೋಲಿಕೆ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ತುಳುನಾಡಿನ ಕಂಬಳದ ಗದ್ದೆಗೆ ಒಮ್ಮೆ ಹೋಗಿ ಬರೋಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡ್, ಉಸೇನ್ ಬೋಲ್ಟ್ ಅವರ 9.58ಕ್ಕಿಂತ ಕಡಿಮೆ ಅಂತ ಹೇಳಿದರು. ಎರಡು ದಿನದಲ್ಲಿ ಜಗತ್ತೆಲ್ಲ ಸುದ್ದಿ. ನಿಮ್ಮ ಸ್ಕೂಲಿನ ಗೆಳೆಯರೂ ಆ ವಿಡಿಯೋ ಕಳಿಸಿರಬಹುದು. ಆದರೆ ಬೋಲ್ಟ್ ಓಡಿದ್ದು ಒಬ್ಬರೇ, ನಿಂತ ಜಾಗದಿಂದ, ಟ್ರ್ಯಾಕಿನ ಮೇಲೆ. ಕಂಬಳದಲ್ಲಿ ಓಡುವುದು ಕೆಸರುನೀರಿನಲ್ಲಿ, ಎರಡು ಕೋಣಗಳ ಬಲದ ಜೊತೆಗೆ. ಒಂದು ಇನ್ನೊಂದಕ್ಕಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಶ್ರೀನಿವಾಸ ಗೌಡರೇ. ಬೋಲ್ಟ್ ಜೊತೆ ತಮ್ಮನ್ನು ಹೋಲಿಸುವುದು ಸರಿಯಲ್ಲ ಎಂಬರ್ಥದಲ್ಲಿ ಮಾತಾಡಿದರು, ಟ್ರ್ಯಾಕಿನಲ್ಲಿ ಓಡಿ ತೋರಿಸಿ ಅಂತ ಸರ್ಕಾರ ಕರೆದಾಗಲೂ ಕಂಬಳವೇ ನನ್ನ ದಾರಿ ಅಂದರು. ಕಂಬಳದ ಕೂಟಗಳಲ್ಲಿ ಅವರ ಟೈಮಿಗೆ ದೊಡ್ಡ ಬೆಲೆ ಇದೆ. ಆ ಬೆಲೆ ಬರಲು ಬೋಲ್ಟ್ ಬೇಕಿರಲಿಲ್ಲ.

ಇಷ್ಟು ಹೇಳಿದ್ದು ಸ್ಥಾನ ಅನ್ನುವುದೆಲ್ಲ ಸುಳ್ಳು, ಗೆಲ್ಲುವುದು ಮುಖ್ಯವಲ್ಲ ಅಂತ ಹೇಳುವುದಕ್ಕಲ್ಲ. ಗೆಲ್ಲಬೇಕು ಅಂತ ಓಡುವವರು ಸ್ಥಾನಕ್ಕಾಗಿಯೇ ಓಡಬೇಕು. ಆದರೆ ಒಂದೇ ರಸ್ತೆಯಲ್ಲಿ ಬೇರೆ ಬೇರೆ ಓಟಗಳು ನಡೆಯುತ್ತಿರುತ್ತವೆ, ನೀವು ಯಾವ ಓಟದಲ್ಲಿ ಇದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು. ಮೆಲ್ಬರ್ನ್ ಮ್ಯಾರಥಾನ್ 1978ರಲ್ಲಿ ಶುರುವಾಯಿತು, ಈಗ ಎಂಸಿಜಿ ಕ್ರಿಕೆಟ್ ಮೈದಾನದೊಳಗೆ ಮುಗಿಯುತ್ತದೆ. ಅಲ್ಲಿ ಸ್ಪಾರ್ಟನ್ಸ್ ಅಂತ ಒಂದು ಬಳಗ ಇದೆ. ಸೇರಬೇಕಾದರೆ ಇಂತಿಷ್ಟು ಟೈಮಿನಲ್ಲಿ ಓಡಬೇಕು ಅಂತ ಇಲ್ಲ, ಹತ್ತು ಸಲ ಆ ಮ್ಯಾರಥಾನ್ ಮುಗಿಸಿರಬೇಕು, ಅಷ್ಟೇ. ಅವರು ಎಣಿಸುವುದು ನಿಮಿಷಗಳನ್ನಲ್ಲ, ವರ್ಷಗಳನ್ನು. ಶನಿವಾರ ಬೆಳಿಗ್ಗೆ ನಿಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ನಡೆಯುವ ಪಾರ್ಕ್‌ರನ್ ಗೊತ್ತಲ್ಲ, 5 ಕಿಲೋಮೀಟರ್, ದುಡ್ಡಿಲ್ಲ, ಬಹುಮಾನ ಇಲ್ಲ. ಅಲ್ಲಿ ಸ್ವಯಂಸೇವಕರೊಬ್ಬರು ಬೇಕೆಂದೇ ಎಲ್ಲರಿಗಿಂತ ಹಿಂದೆ ನಡೆದುಕೊಂಡು ಬರುತ್ತಾರೆ. ಓಡಲು ಬಂದವರಲ್ಲಿ ಯಾರಿಗೂ ತಾವೇ ಕೊನೆ ಅನ್ನಿಸಬಾರದು ಅಂತ. ಹಾಗಿದ್ದರೂ ಅಲ್ಲಿ ಟೈಮ್ ಬರೆಯುತ್ತಾರೆ, ಸ್ಥಾನ ಬರೆಯುತ್ತಾರೆ, ವಯಸ್ಸಿಗೆ ಹೊಂದಿಸಿ ಶೇಕಡಾ ಎಷ್ಟು ಅಂತಲೂ ಬರೆಯುತ್ತಾರೆ. ಸಂಖ್ಯೆ ಇದ್ದರೆ ಮನಸ್ಸಿಗೆ ನೋವಾಗಲೇಬೇಕು ಅಂತ ಇಲ್ಲ.

ಈಗ ನಿಮಗೆ ಇನ್ನೂ ಹತ್ತಿರದ ಒಂದು ಮಾತು. ವರ್ಷದ ಕೊನೆಗೆ ಸಿಡ್ನಿಯಲ್ಲಿ ಎಚ್‌ಎಸ್‌ಸಿ, ಮೆಲ್ಬರ್ನಿನಲ್ಲಿ ವಿಸಿಇ ಮುಗಿಸಿದವರಲ್ಲಿ ಬಹಳ ಜನರಿಗೆ ಏಟಾರ್ ಅಂತ ಒಂದು ಸಂಖ್ಯೆ ಬರುತ್ತದೆ. ಹೆಚ್ಚೆಂದರೆ 99.95. ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ಶೇಕಡಾವಾರು ಅಂಕ ಅಂತಲೇ ತಿಳಿದಿದ್ದಾರೆ. "ಎಂಬತ್ತು ಬಂತಂತೆ, ಇಪ್ಪತ್ತು ಮಾರ್ಕ್ಸ್ ಎಲ್ಲಿ ಹೋಯಿತು?" ಅಂತ ಕೇಳುವ ಮಾವಂದಿರು ಇದ್ದಾರೆ. ಏಟಾರ್ ಅಂಕ ಅಲ್ಲ, ಸ್ಥಾನ. 80 ಅಂದರೆ ನಿಮ್ಮ ವಯಸ್ಸಿನವರ ಸಾಲಿನಲ್ಲಿ ನಿಮ್ಮ ಮುಂದೆ ನೂರಕ್ಕೆ ಇಪ್ಪತ್ತು ಜನ ಇದ್ದಾರೆ ಅಂತ. ನೀವು ಎಷ್ಟು ಕಲಿತಿರಿ ಅಂತ ಅದು ಹೇಳುವುದಿಲ್ಲ, ಸಾಲಿನಲ್ಲಿ ಎಲ್ಲಿ ನಿಂತಿರಿ ಅಂತ ಹೇಳುತ್ತದೆ. ಯೂನಿವರ್ಸಿಟಿಗೆ ಸೀಟು ಹಂಚಲು ಅದು ಬೇಕು, ಅದಕ್ಕಾಗಿಯೇ ಮಾಡಿದ್ದು. ಆದರೆ ಕಲಿತದ್ದರ ಅಳತೆ ಬೇರೆ ಇದೆ: ಕಳೆದ ವರ್ಷ ಬಿಡಿಸಲಾಗದ ಲೆಕ್ಕವನ್ನು ಈ ವರ್ಷ ಬಿಡಿಸಿದಿರಲ್ಲ, ಅದು. ಓಟದ ಪಟ್ಟಿಯಲ್ಲಿ ಟೈಮ್ ಮತ್ತು ಸ್ಥಾನ ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಏಟಾರ್‌ನಲ್ಲಿ ಸ್ಥಾನ ಮಾತ್ರ ಇರುತ್ತದೆ, ಇನ್ನೊಂದನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಇದೇ ಲೆಕ್ಕವನ್ನು ಮನೆಯ ದೊಡ್ಡವರಿಗೂ ಹಾಕಿ ನೋಡಿ. ನೀವು ಇಲ್ಲಿಯೇ ಹುಟ್ಟಿದವರು ಅಥವಾ ಚಿಕ್ಕವರಿದ್ದಾಗ ಬಂದವರು. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಬಹಳ ಜನ ಈ ದೇಶದ ಮೊದಲ ಗೆರೆ ದಾಟಿದ್ದು ಮೂವತ್ತರ ಆಸುಪಾಸಿನಲ್ಲಿ. ಊರಿನ ಡಿಗ್ರಿ ಕೈಯಲ್ಲಿತ್ತು, ಆದರೆ ಇಂಟರ್‌ವ್ಯೂಗೆ ಹೋದಲ್ಲೆಲ್ಲ "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ" ಅನ್ನುವ ಪ್ರಶ್ನೆ. ಅಷ್ಟು ಹೊತ್ತಿಗೆ ಉಳಿದವರು ಎಷ್ಟೋ ದೂರ ಹೋಗಿದ್ದರು. ಪಕ್ಕದ ಮನೆಯ ಅಂಕಲ್ ಮ್ಯಾನೇಜರ್, ನಮ್ಮಪ್ಪ ಇನ್ನೂ ಅದೇ ಕೆಲಸದಲ್ಲಿದ್ದಾರೆ ಅಂತ ನಿಮಗೆ ಯಾವಾಗಲಾದರೂ ಅನ್ನಿಸಿದರೆ, ನೀವು ನೋಡುತ್ತಿರುವುದು ಅವರ ಗನ್ ಟೈಮ್. ನೆಟ್ ಟೈಮ್ ಕೇಳಿ. ಯಾವ ವರ್ಷ ಬಂದಿರಿ, ಮೊದಲ ಕೆಲಸ ಏನು, ಮೊದಲ ಬಾಡಿಗೆ ಮನೆ ಎಲ್ಲಿ, ಆಗ ನಾನು ಎಷ್ಟು ದೊಡ್ಡವನಿದ್ದೆ ಅಂತ ಕೇಳಿ. ಹೇಳುವುದಕ್ಕೆ ಅವರಿಗೂ ಇಷ್ಟ, ಯಾರೂ ಕೇಳಿರುವುದಿಲ್ಲ.

ಕೊನೆಯದಾಗಿ, ಯಾವುದೇ ಫಲಿತಾಂಶ ಕೈಗೆ ಬಂದಾಗ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಒಂದು, ಎಷ್ಟು ದೂರ, ಎಂಥ ದಾರಿ? ಎರಡು, ಎಷ್ಟು ಜನರಲ್ಲಿ, ಎಂಥವರ ಜೊತೆ? ಮೂರು, ನನ್ನದೇ ಹಿಂದಿನ ಸಲಕ್ಕಿಂತ ಹೇಗಿದೆ? ಮೊದಲ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಸ್ಥಾನವನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮೂರನೆಯದಕ್ಕೆ ಉತ್ತರ ನಿಮ್ಮ ಹತ್ತಿರ ಮಾತ್ರ ಇರುತ್ತದೆ, ಯಾವ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ತಾರೀಖು, ದೂರ, ಟೈಮ್, ಹವೆ ಹೇಗಿತ್ತು, ಎಲ್ಲಿ ನಡೆದಿರಿ, ಎಲ್ಲಿ ಓಡಿದಿರಿ. ಎರಡು ವರ್ಷ ಬಿಟ್ಟು ತೆಗೆದು ನೋಡಿ.

ಸಾಧ್ಯವಾದರೆ ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಹೋಗಿ. ಹಿಂದಿನ ಗುಂಪಿನಲ್ಲಿ ನಡೆದರೂ ಅವರ ಹೆಸರೂ ಪಟ್ಟಿಯಲ್ಲಿ ಬರುತ್ತದೆ, ಒಂದು ಸ್ಥಾನ, ಒಂದು ಟೈಮ್. ಸಾವಿರಾರು ಜನರ ನಡುವೆ ತಮ್ಮ ಹೆಸರು ಹುಡುಕಿ ಕಂಡುಕೊಂಡವರಿಗೆ, ಆ ಸಂಖ್ಯೆಗಳನ್ನು ಹೇಗೆ ಓದಬೇಕು ಅಂತ ಬೇರೆಯವರು ಹೇಳಿಕೊಡಬೇಕಾಗಿಯೇ ಇರುವುದಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮುಂದಿನ ಓಟಕ್ಕೆ ಶುಭವಾಗಲಿ.